ನೋವಿನ ಮಾತ್ರೆ ಬಿಡಲು ಆಗುತ್ತಿಲ್ಲ, ಯಾರ ಹತ್ತಿರ ಹೋಗಲಿ?

ಪ್ರಶ್ನೆ (ಹೆಸರು ಬೇಡ, ಡೊಂಬಿವಲಿ):

ನಮಸ್ಕಾರ ಮೇಡಂ. ವಯಸ್ಸು 46, ಊರು ಕುಂದಾಪುರದ ಕಡೆ. ಇಲ್ಲಿ ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂರುತ್ತೇನೆ. ಮೂರು ವರ್ಷದ ಹಿಂದೆ ಸೊಂಟದ ಡಿಸ್ಕ್ ಜಾರಿ ಆಪರೇಷನ್ ಆಯಿತು. ಆಗ ಹತ್ತು ದಿನಕ್ಕೆಂದು ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆ ಬರೆದುಕೊಟ್ಟಿದ್ದರು. ಮೊದಲು ದಿನಕ್ಕೆ ಎರಡು. ಆಮೇಲೆ ನಾಲ್ಕು. ಈಗ ಹನ್ನೆರಡು. ಹಳೇ ಚೀಟಿಯ ಜೆರಾಕ್ಸ್ ಇಟ್ಟುಕೊಂಡು ಬೇರೆ ಬೇರೆ ಮೆಡಿಕಲ್‌ನಲ್ಲಿ ತರುತ್ತೇನೆ. ಸ್ಟ್ರಿಪ್‌ಗಳು ಗಲ್ಲೆಯ ಡ್ರಾಯರ್‌ನಲ್ಲಿ ಬಿಲ್ ಪುಸ್ತಕದ ಅಡಿಯಲ್ಲಿರುತ್ತವೆ. ಹೆಂಡತಿಗೆ ಗೊತ್ತಿಲ್ಲ.

ಗಣಪತಿ ಹಬ್ಬಕ್ಕೆ ಊರಿಗೆ ಹೋದಾಗ ಬಿಟ್ಟೇಬಿಡೋಣ ಎಂದು ಮಾತ್ರೆ ಒಯ್ಯಲಿಲ್ಲ. ಮರುದಿನವೇ ಮೈಕೈ ನೋವು, ಭೇದಿ, ಮೂಗು ಸೋರುವುದು, ಕಾಲು ಒಂದು ಕಡೆ ಇಡಲಾಗದ ಚಡಪಡಿಕೆ. ಯಾರೋ ಸಾಯಿಸಲು ಬರುತ್ತಿದ್ದಾರೆ ಅನ್ನುವ ಹಾಗೆ ಭಯ. ಕುಂದಾಪುರ ಪೇಟೆಗೆ ಹೋಗಿ ಮಾತ್ರೆ ತಂದು ನುಂಗಿದ ಮೇಲೆ ಒಂದು ಗಂಟೆಯಲ್ಲಿ ಎಲ್ಲ ಸರಿ. ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು. ಹೋದ ತಿಂಗಳು ಹೋಟೆಲಿನ ಅಡುಗೆಮನೆ ಬಾಗಿಲಲ್ಲಿ ಬಿದ್ದೆ, ನಾಲಿಗೆ ಕಚ್ಚಿ ರಕ್ತ ಬಂತು, ಏನಾಯಿತೆಂದು ನೆನಪಿಲ್ಲ. ಒಲೆಯ ಬಿಸಿಗೆ ತಲೆ ತಿರುಗಿರಬೇಕು ಅಂದರು ಎಲ್ಲರೂ. ನಾನು ಕುಡುಕನಲ್ಲ, ಶನಿವಾರ ರಾತ್ರಿ ಒಂದೆರಡು ಪೆಗ್ ಅಷ್ಟೇ. ದಿನಕ್ಕೆ ಒಂದೊಂದು ಕಡಿಮೆ ಮಾಡಿದರೆ ಮನೆಯಲ್ಲೇ ಬಿಡಬಹುದೇ? ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದೆಯೇ?

ಉತ್ತರ (ಮನೋವೈದ್ಯೆ, ಮುಂಬೈ):

ಬರೆದದ್ದು ಬಹಳ ಒಳ್ಳೆಯದಾಯಿತು. ಎಲ್ಲಕ್ಕಿಂತ ಮೊದಲು ಅಡುಗೆಮನೆ ಬಾಗಿಲಿನ ವಿಷಯ. ಎಚ್ಚರ ತಪ್ಪಿ ಬಿದ್ದು, ನಾಲಿಗೆ ಕಚ್ಚಿಕೊಂಡು, ನಡೆದದ್ದು ನೆನಪಿಲ್ಲದಿದ್ದರೆ ಅದನ್ನು ಬಿಸಿಯ ತಲೆಸುತ್ತು ಅನ್ನಲಾಗದು. ಅದು ಫಿಟ್ಸ್ ಆಗಿರುವ ಸಾಧ್ಯತೆ ಹೆಚ್ಚು. ಟ್ರಮಡಾಲ್‌ಗೆ ಉಳಿದ ನೋವುನಿವಾರಕಗಳಿಗಿಂತ ಈ ಕೆಟ್ಟ ಗುಣ ಜಾಸ್ತಿ, ಪ್ರಮಾಣ ಏರಿದಷ್ಟೂ ಫಿಟ್ಸ್ ಅಪಾಯ ಏರುತ್ತದೆ. ನಿಮ್ಮ ಮಾತ್ರೆಯಲ್ಲಿ ಸಾಮಾನ್ಯವಾಗಿ ಟ್ರಮಡಾಲ್ 37.5 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325 ಮಿಲಿಗ್ರಾಂ ಇರುತ್ತದೆ. ಹನ್ನೆರಡು ಅಂದರೆ ದಿನಕ್ಕೆ 450 ಮಿಲಿಗ್ರಾಂ ಟ್ರಮಡಾಲ್. ದೊಡ್ಡವರಿಗೆ ದಿನದ ಮಿತಿಯೇ 400. ಪ್ಯಾರಾಸಿಟಮಾಲ್ 3.9 ಗ್ರಾಂ ಆಯಿತು, ಅಲ್ಲಿ 4 ಗ್ರಾಂ ಕೊನೆಯ ಗೆರೆ. ನೆಗಡಿ ಬಂತೆಂದು ಇನ್ನೆರಡು ಮಾತ್ರೆ ನುಂಗಿದರೆ ಅದರಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಗೆರೆ ದಾಟಿದಿರಿ. ಮೇಲೆ ಶನಿವಾರದ ಪೆಗ್. ನಿಮ್ಮ ಲಿವರ್ ಬಗ್ಗೆ ನನಗೆ ಚಿಂತೆಯಿದೆ. ರಕ್ತ ಪರೀಕ್ಷೆ ಆಗಲೇಬೇಕು. ವೈದ್ಯರನ್ನು ಕಾಣುವವರೆಗೆ ಗಾಡಿ ಓಡಿಸಬೇಡಿ, ಲೋಕಲ್ ಟ್ರೈನಿನಲ್ಲಿ ಬಾಗಿಲ ಬಳಿ ನಿಲ್ಲಬೇಡಿ, ಎಣ್ಣೆ ಬಾಣಲೆಯ ಹತ್ತಿರ ಹೋಗಬೇಡಿ. ಪೆಗ್ ಪೂರ್ತಿ ಬಂದ್. ಮತ್ತೊಮ್ಮೆ ಹಾಗೆ ಬಿದ್ದರೆ ಆ ದಿನವೇ ಕ್ಯಾಜುವಾಲ್ಟಿಗೆ ಹೋಗಿ.

ಮನೆಯಲ್ಲೇ ಬಿಡಬಹುದೇ ಅಂದಿರಿ. ನಿಮ್ಮ ಮಟ್ಟಿಗೆ ಬೇಡ. ಒಮ್ಮೆಲೇ ನಿಲ್ಲಿಸುವುದಂತೂ ಬೇಡವೇ ಬೇಡ. ಊರಿನಲ್ಲಿ ನಿಮಗೆ ಆದದ್ದು ಮನಸ್ಸಿನ ದೌರ್ಬಲ್ಯದಿಂದಲ್ಲ. ಟ್ರಮಡಾಲ್ ಅಫೀಮಿನ ಗುಂಪಿನ ಔಷಧದಂತೆ ಕೆಲಸ ಮಾಡುತ್ತದೆ, ಜೊತೆಗೆ ಖಿನ್ನತೆಯ ಕೆಲವು ಔಷಧಗಳಂತೆ ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೂ ಕೆಲಸ ಮಾಡುತ್ತದೆ. ಹಾಗಾಗಿ ನಿಂತಾಗ ಎರಡು ಕಡೆಯಿಂದ ಹೊಡೆತ. ಭೇದಿ, ಮೂಗು ಸೋರುವುದು, ಆಕಳಿಕೆ, ಕಾಲಿನ ಚಡಪಡಿಕೆ ಮೊದಲನೆಯದು. ನೀವು ಬರೆದ ಆ ವಿಪರೀತ ಭಯ, ಕೆಲವರಿಗೆ ಮೈಯಲ್ಲಿ ಕರೆಂಟ್ ಹೊಡೆದಂತೆ ಆಗುವುದು, ಎರಡನೆಯದು. ಕೊನೆಯ ಮಾತ್ರೆಯಾಗಿ ಅರ್ಧ ದಿನದಿಂದ ಒಂದು ದಿನದೊಳಗೆ ಶುರುವಾಗಿ, ಎರಡು ಮೂರನೇ ದಿನ ಜೋರಾಗಿ, ಹೆಚ್ಚಿನವರಿಗೆ ಒಂದು ವಾರದಲ್ಲಿ ಇಳಿಯುತ್ತದೆ. ನಿದ್ದೆ ಸರಿಹೋಗಲು ಇನ್ನೂ ಕೆಲವು ವಾರ ಬೇಕು. ಇದನ್ನು ಹಲ್ಲು ಕಚ್ಚಿ ಸಹಿಸಿದವರೇ ಗಟ್ಟಿಗರು ಎಂಬ ಮಾತಿದೆ ನಮ್ಮಲ್ಲಿ. ನಾನು ಅದನ್ನು ಒಪ್ಪುವುದಿಲ್ಲ. ಸಹಿಸುವ ಅಗತ್ಯವೇ ಇಲ್ಲದ ಕಷ್ಟ ಅದು, ಔಷಧವಿದೆ.

ವೈದ್ಯರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಒಂದು, ಇದೇ ಔಷಧವನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸುವುದು. ನೀವು ಕೇಳಿದಂತೆ ದಿನಕ್ಕೊಂದು ಇಳಿಸಿದರೆ ಎರಡು ವಾರದೊಳಗೆ ಸೊನ್ನೆ, ಅದು ನಿಮಗೆ ತೀರಾ ವೇಗ. ಇನ್ನೊಂದು, ಬುಪ್ರೆನಾರ್ಫಿನ್ ಎಂಬ ನಾಲಿಗೆ ಕೆಳಗೆ ಇಡುವ ಮಾತ್ರೆಗೆ ಬದಲಾಯಿಸುವುದು. ಅದನ್ನು ಶುರುಮಾಡಲು ಹಿಂತೆಗೆತದ ಲಕ್ಷಣಗಳು, ಅಂದರೆ ಊರಿನಲ್ಲಿ ಮಾತ್ರೆ ನಿಂತಾಗ ನಿಮಗೆ ಆದಂಥವು, ಬರುವವರೆಗೆ ಕಾಯಬೇಕು, ಮೊದಲೇ ಕೊಟ್ಟರೆ ಅದೇ ಲಕ್ಷಣಗಳನ್ನು ಎಬ್ಬಿಸುತ್ತದೆ. ಫಿಟ್ಸ್ ಆದ ಸಂಶಯ ಇರುವುದರಿಂದ ನಿಮ್ಮನ್ನು ಕೆಲವು ದಿನ ಅಡ್ಮಿಟ್ ಮಾಡಿಕೊಂಡರೆ ಆಶ್ಚರ್ಯವಿಲ್ಲ. ಯಾವ ದಾರಿ ಎಂದು ನಿಮ್ಮನ್ನು ನೋಡಿದವರೇ ಹೇಳಬೇಕು. ಇಂಥ ಔಷಧಗಳನ್ನು ಫೋನಿನಲ್ಲಿ, ಇಂಥ ಪ್ರಶ್ನೋತ್ತರದ ಗುಂಪಿನಲ್ಲಿ ಬರೆದುಕೊಡಲು 2020ರ ಟೆಲಿಮೆಡಿಸಿನ್ ನಿಯಮಗಳೂ ಬಿಡುವುದಿಲ್ಲ.

ಪೊಲೀಸ್ ಭಯ ಬಿಡಿ. ಟ್ರಮಡಾಲ್ 2018ರಿಂದ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯಡಿ ಬಂದಿದೆ ನಿಜ. ಆದರೆ ಚಿಕಿತ್ಸೆಗೆ ಬಂದವರನ್ನು ಹಿಡಿದುಕೊಡುವುದು ವೈದ್ಯರ ಕೆಲಸವಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ವಿವರ ಗುಟ್ಟಾಗಿಡುವ ಹಕ್ಕನ್ನು ಕೊಟ್ಟಿದೆ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಕೂಡ, ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ತಾವಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ರಕ್ಷಣೆ ಕೊಡುತ್ತದೆ.

ಎಲ್ಲಿಗೆ ಹೋಗಬೇಕು? ಡೊಂಬಿವಲಿಯಿಂದ ಸೆಂಟ್ರಲ್ ಲೈನಿನಲ್ಲೇ ಬಂದರೆ ಸಯನ್ ಆಸ್ಪತ್ರೆ ಇದೆ, ಪರೇಲಿನಲ್ಲಿ ಕೆಇಎಂ ಇದೆ. ಎರಡೂ ಕಡೆ ಮನೋವೈದ್ಯ ವಿಭಾಗದ ಒಪಿಡಿ ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ಖಾಸಗಿಯಾಗಿ ಹೋಗುವುದಾದರೆ ವ್ಯಸನ ಚಿಕಿತ್ಸೆ ಮಾಡುವ ಮನೋವೈದ್ಯರನ್ನೇ ಕೇಳಿ ಹುಡುಕಿ. ಆಪರೇಷನ್ ಮಾಡಿದ ಮೂಳೆ ಡಾಕ್ಟರರಿಗೂ ವಿಷಯ ತಿಳಿಯಲಿ.

ಪ್ರಶ್ನಿಸಿದವರು:

ಮೇಡಂ, ಓದಿ ಕೈ ನಡುಗಿತು. ಆದರೆ ಮಾತ್ರೆ ನಿಂತರೆ ಬೆನ್ನುನೋವು ಏನು ಮಾಡಲಿ? ಹನ್ನೆರಡು ಗಂಟೆ ಗಲ್ಲೆಯಲ್ಲಿ ಕೂರಬೇಕು. ಈಗ ಹನ್ನೆರಡು ನುಂಗಿದರೂ ನೋವು ಇದ್ದೇ ಇದೆ.

ಉತ್ತರ:

ಆ ಕೊನೆಯ ವಾಕ್ಯ ಮುಖ್ಯ. ಈ ಗುಂಪಿನ ಔಷಧವನ್ನು ಬಹುಕಾಲ ತೆಗೆದುಕೊಂಡರೆ ನರಗಳು ನೋವಿಗೆ ಹೆಚ್ಚು ಸೂಕ್ಷ್ಮವಾಗುವುದುಂಟು. ಜೊತೆಗೆ, ಒಂದು ಮಾತ್ರೆಯ ಪ್ರಭಾವ ಇಳಿಯುವಾಗ ಬರುವ ಮೈಕೈ ನೋವನ್ನು ನಾವು ಬೆನ್ನಿನ ನೋವೆಂದೇ ಎಣಿಸಿ ಮುಂದಿನ ಮಾತ್ರೆ ನುಂಗುತ್ತೇವೆ. ಇಳಿಸುವಾಗ ಶುರುವಿನಲ್ಲಿ ನೋವು ಹೆಚ್ಚಾದಂತೆ ಅನಿಸುತ್ತದೆ. ಆ ದಿನಗಳಲ್ಲೇ ಜನ ಕೈಬಿಡುವುದು. ದಾಟಿದ ಮೇಲೆ ಎಷ್ಟೋ ಜನ ನನಗೆ ಹೇಳಿದ್ದಾರೆ, ಮೊದಲಿಗಿಂತ ನೋವೇ ಕಡಿಮೆ ಎಂದು. ಎಲ್ಲರಿಗೂ ಹಾಗೇ ಆಗುತ್ತದೆಂದು ಮಾತು ಕೊಡಲಾರೆ, ಉಳಿದ ನೋವಿಗೆ ಚಿಕಿತ್ಸೆ ಬೇರೆಯೇ ಮಾಡಬೇಕು: ಫಿಸಿಯೋಥೆರಪಿ, ಸೊಂಟದ ಸ್ನಾಯು ಗಟ್ಟಿಯಾಗುವ ವ್ಯಾಯಾಮ, ನರದ ನೋವಿದ್ದರೆ ಅದಕ್ಕೆಂದೇ ಇರುವ ಔಷಧ. ಹನ್ನೆರಡು ಗಂಟೆ ಎತ್ತರದ ಸ್ಟೂಲಿನಲ್ಲಿ ಕೂತರೆ ಆಪರೇಷನ್ ಆಗದ ಬೆನ್ನೂ ನೋಯುತ್ತದೆ. ಬೆನ್ನಿಗೆ ಆನಿಕೆ ಇರುವ ಕುರ್ಚಿ ಹಾಕಿಸಿ, ಅರ್ಧ ಗಂಟೆಗೊಮ್ಮೆ ಎದ್ದು ಟೇಬಲ್‌ಗಳ ನಡುವೆ ಒಂದು ಸುತ್ತು ಬನ್ನಿ.

ಓದುಗರೊಬ್ಬರು (ಮೀರಾ ರೋಡ್):

ಅಕ್ಕ, ನಮ್ಮ ಯಜಮಾನರಿಗೂ ಹೀಗೇ, ಅವರದು ಟಪೆಂಟಡಾಲ್ ಎಂಬ ನೋವಿನ ಮಾತ್ರೆ. ಕೇಳಿದರೆ ಸಿಟ್ಟು. ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸುವ ಚಟ ಬಿಡಿಸುವ ಪುಡಿ ಒಂದಿದೆಯಂತೆ, ಆನ್‌ಲೈನಲ್ಲಿ ಸಿಗುತ್ತದೆ. ಕೊಡಬಹುದಾ? ಇಲ್ಲವಾದರೆ ನಾದಿನಿ ಹೇಳುತ್ತಾಳೆ, ಮನೆಗೆ ಬಂದು ಎತ್ತಿಕೊಂಡು ಹೋಗುವ ಸೆಂಟರ್‌ಗಳಿವೆಯಂತೆ.

ಉತ್ತರ:

ಎರಡೂ ಬೇಡ ತಂಗಿ. ಪುಡಿಯಲ್ಲಿ ಏನಿದೆಯೆಂದು ಯಾರಿಗೂ ತಿಳಿಯದು. ಒಂದು ವೇಳೆ ಅದರಲ್ಲಿ ಈ ಗುಂಪಿನ ಮಾತ್ರೆಗಳ ಪ್ರಭಾವವನ್ನು ತಡೆಯುವ ನಾಲ್ಟ್ರೆಕ್ಸೋನ್‌ನಂಥ ಔಷಧವಿದ್ದರೆ, ಮೈಯಲ್ಲಿ ಟಪೆಂಟಡಾಲ್ ಇರುವಾಗಲೇ ಅದು ಒಳಗೆ ಹೋದರೆ ಸ್ವಲ್ಪ ಹೊತ್ತಿನಲ್ಲೇ ವಾಂತಿ ಭೇದಿಯಿಂದ ಮನುಷ್ಯ ಹೈರಾಣಾಗುತ್ತಾನೆ. ನಾವು ಅದನ್ನು ಕೊಡುವುದು ಮೈ ಪೂರ್ತಿ ಖಾಲಿಯಾಗಿ 7ರಿಂದ 10 ದಿನ ಕಳೆದ ಮೇಲೆ, ರೋಗಿಗೆ ಹೇಳಿ, ಒಪ್ಪಿಸಿ. ಊಟದಲ್ಲಿ ಬೆರೆಸಿದ್ದು ಗೊತ್ತಾದ ದಿನ ನಿಮ್ಮ ಕೈಯ ಅನ್ನವನ್ನೇ ಅವರು ನಂಬುವುದಿಲ್ಲ. ನಂಬಿಕೆ ಇಲ್ಲದೆ ಈ ಚಿಕಿತ್ಸೆ ನಡೆಯದು.

ಎತ್ತಿಕೊಂಡು ಹೋಗುವ ಸೆಂಟರ್‌ಗಳ ಬಗ್ಗೆ ನನಗೆ ಬಹಳ ಸಿಟ್ಟಿದೆ. ಒಪ್ಪಿಗೆಯಿಲ್ಲದೆ ದಾಖಲು ಮಾಡಲು ಕಾಯ್ದೆಯಲ್ಲಿ ದಾರಿ ಇರುವುದು ತನಗೋ ಬೇರೆಯವರಿಗೋ ಅಪಾಯ, ತನ್ನನ್ನು ತಾನು ನೋಡಿಕೊಳ್ಳಲಾಗದಂಥ ಗಂಭೀರ ಸ್ಥಿತಿಗೆ ಮಾತ್ರ, ಅದೂ ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಿದ ಮೇಲೆ. ಸರಪಳಿ ಹಾಕುವುದು ಕಾನೂನಿಗೆ ವಿರುದ್ಧ. ಅಂಥ ಕಡೆಯಿಂದ ಹೊರಬಂದವರಿಗೆ ಇನ್ನೊಂದು ಅಪಾಯವೂ ಇದೆ. ಬಿಟ್ಟು ಕೆಲವು ವಾರವಾದರೆ ದೇಹದ ತಾಳಿಕೆ ಇಳಿದಿರುತ್ತದೆ. ಸಿಟ್ಟಿನಲ್ಲಿ ಹಳೆಯ ಲೆಕ್ಕದಷ್ಟೇ ನುಂಗಿದರೆ, ಜೊತೆಗೆ ನಿದ್ದೆ ಮಾತ್ರೆಯೋ ಹೆಂಡವೋ ಸೇರಿದರೆ, ಉಸಿರೇ ನಿಲ್ಲಬಹುದು.

ನೀವು ಮಾಡಬಹುದಾದದ್ದು ಇದೆ. ಅವರು ಸಮಾಧಾನದಲ್ಲಿರುವ ಹೊತ್ತು ನೋಡಿ, "ಎಷ್ಟು ತಗೊಳ್ತೀರಿ" ಎಂದು ಲೆಕ್ಕ ಕೇಳುವ ಬದಲು "ನಿಮ್ಮ ನೋವು ಹೇಗಿದೆ, ಡಾಕ್ಟರಿಗೆ ತೋರಿಸೋಣ, ನಾನೂ ಬರ್ತೇನೆ" ಅನ್ನಿ. ಅವರು ಒಪ್ಪುವವರೆಗೆ ನೀವೊಬ್ಬರೇ ಮೊದಲು ಸಲಹೆಗೆ ಹೋಗಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಉಚಿತ, ಹಗಲು ರಾತ್ರಿ ಇದೆ, ಕನ್ನಡದಲ್ಲೂ ಮಾತಾಡಬಹುದು. ಮಾದಕ ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಇನ್ನೊಬ್ಬರು (ಪುಣೆ):

ಪುಣೆಯಲ್ಲಿ ಮುಕ್ತಾಂಗಣ ಎಂಬ ವ್ಯಸನಮುಕ್ತಿ ಕೇಂದ್ರ ಹೇಗೆ? ಅಲ್ಲಿ ಹೆಂಡದವರನ್ನು ಮಾತ್ರ ಸೇರಿಸಿಕೊಳ್ಳುವುದೇ?

ಉತ್ತರ:

ಇಲ್ಲ, ಬೇರೆ ವ್ಯಸನದವರೂ ಹೋಗುತ್ತಾರೆ. 1986ರಲ್ಲಿ ಡಾ. ಅನಿಲ್ ಅವಚಟ್ ಮತ್ತು ಡಾ. ಅನಿತಾ ಅವಚಟ್ ದಂಪತಿ ಮರಾಠಿ ಸಾಹಿತಿ ಪು. ಲ. ದೇಶಪಾಂಡೆ ಅವರ ನೆರವಿನಿಂದ ಶುರುಮಾಡಿದ ಸಂಸ್ಥೆ. ಅಲ್ಲಿದ್ದು ಗುಣವಾದವರೇ ಕೆಲಸಕ್ಕೆ ನಿಂತಿರುವುದು ನನಗೆ ಇಷ್ಟವಾದ ಸಂಗತಿ. ನೋವಿನ ಮಾತ್ರೆಯವರು ಸೇರುವ ಮೊದಲು, ಇಳಿಸುವ ಹಂತದ ವೈದ್ಯಕೀಯ ವ್ಯವಸ್ಥೆ ಹೇಗೆ ಎಂದು ಫೋನಿನಲ್ಲಿ ಕೇಳಿಕೊಳ್ಳಿ. ಯಾವ ಕೇಂದ್ರಕ್ಕೆ ಹೋದರೂ ಈ ಪ್ರಶ್ನೆ ಕೇಳಿ.

ಓದುಗರೊಬ್ಬರು (ಮುಲುಂಡ್, ಮೆಡಿಕಲ್ ಅಂಗಡಿ):

ನಮ್ಮಲ್ಲಿಗೂ ಜೆರಾಕ್ಸ್ ಹಿಡಿದು ಬರುತ್ತಾರೆ ಮೇಡಂ. ಇಲ್ಲ ಅಂದರೆ ಜಗಳ, ಇಲ್ಲವೇ ಕಣ್ಣೀರು. ಊರಿನವರೇ ಆದರೆ ಇನ್ನೂ ಕಷ್ಟ.

ಉತ್ತರ:

ಟ್ರಮಡಾಲ್‌ನಂಥ ಎಚ್1 ಪಟ್ಟಿಯ ಔಷಧಕ್ಕೆ ಬೇರೆ ರಿಜಿಸ್ಟರ್ ಇಟ್ಟು ಡಾಕ್ಟರ್ ಹೆಸರು, ರೋಗಿಯ ಹೆಸರು ಬರೆದು ಮೂರು ವರ್ಷ ಕಾಪಾಡಬೇಕೆಂಬುದು ನಿಮಗೆ ಗೊತ್ತೇ ಇದೆ. ಕೊಡಬೇಡಿ. ಆದರೆ ನಾಲ್ಕು ಜನರ ಮುಂದೆ ಗದರಬೇಡಿ. ಪಕ್ಕಕ್ಕೆ ಕರೆದು, ಇದಕ್ಕೆ ಚಿಕಿತ್ಸೆ ಇದೆ ಎಂದು ಹೇಳಿ 14446 ಬರೆದುಕೊಡಿ. ಈ ಮಾತನ್ನು ಅವರಿಗೆ ಮೊದಲ ಸಲ ಹೇಳುವವರು ಎಷ್ಟೋ ಸಲ ಅಂಗಡಿಯವರೇ ಆಗಿರುತ್ತಾರೆ.

ಓದುಗರೊಬ್ಬರು (ಠಾಣೆ):

ಇದನ್ನೆಲ್ಲ ಓದಿ ಗಾಬರಿಯಾಯಿತು. ಅಮ್ಮನಿಗೆ ಕ್ಯಾನ್ಸರ್, ಮಾರ್ಫಿನ್ ಮಾತ್ರೆ ಕೊಡುತ್ತಿದ್ದೇವೆ. ಚಟವಾಗುವ ಮೊದಲು ನಿಲ್ಲಿಸಲೇ?

ಉತ್ತರ:

ದಯವಿಟ್ಟು ನಿಲ್ಲಿಸಬೇಡಿ. ಅಮ್ಮನ ನೋವಿಗೆ ಅದು ಬೇಕೇ ಬೇಕು. ಗಂಟೆಗೆ ಸರಿಯಾಗಿ, ವೈದ್ಯರು ಹೇಳಿದಷ್ಟು ಕೊಡಿ. ಮಲಬದ್ಧತೆ ಖಂಡಿತ ಬರುತ್ತದೆ, ಅದಕ್ಕೆ ಔಷಧ ಈಗಲೇ ಕೇಳಿ ಪಡೆಯಿರಿ. ವಿಪರೀತ ಮಂಪರು ಬಂದರೆ, ಉಸಿರು ನಿಧಾನವಾದರೆ ತಕ್ಷಣ ತಿಳಿಸಿ. ಮಾತ್ರೆ ಬೀಗ ಹಾಕಿದ ಕಪಾಟಿನಲ್ಲಿರಲಿ. ನೋವಿನಿಂದ ನರಳುವವರಿಗೆ ಭಯದಿಂದ ಔಷಧ ತಪ್ಪಿಸುವುದು ದೊಡ್ಡ ಅನ್ಯಾಯ.

ಪ್ರಶ್ನಿಸಿದವರು:

ಮೇಡಂ, ನಿನ್ನೆ ರಾತ್ರಿ ಹೆಂಡತಿಗೆ ಹೇಳಿದೆ. ಡ್ರಾಯರ್ ತೆಗೆದು ತೋರಿಸಿದೆ. ಅತ್ತಳು, ಆಮೇಲೆ ಅವಳೇ ಊರಿಗೆ ಫೋನ್ ಮಾಡಿ ಭಾವನನ್ನು ಗಲ್ಲೆಗೆ ಕರೆಸಿದ್ದಾಳೆ. ಸೋಮವಾರ ಸಯನ್‌ಗೆ ಹೋಗುತ್ತೇವೆ. ಅಲ್ಲಿ ಹನ್ನೆರಡು ಅನ್ನಲು ನಾಚಿಕೆ, ಆರು ಅಂದರೆ ಸಾಲದೇ?

ಉತ್ತರ:

ಸಾಲದು ಅಣ್ಣ. ಹನ್ನೆರಡೇ ಅನ್ನಿ. ಆರು ಎಂದರೆ ಅವರು ಆರಕ್ಕೆ ತಕ್ಕ ಹಾಗೆ ಔಷಧ ಕೊಡುತ್ತಾರೆ, ನಿಮಗೆ ರಾತ್ರಿಯೇ ಊರಿನ ಆ ಅವಸ್ಥೆ ಮರುಕಳಿಸುತ್ತದೆ, ಚಿಕಿತ್ಸೆ ಫಲಿಸಲಿಲ್ಲವೆಂದು ಬಿಟ್ಟುಬರುತ್ತೀರಿ. ಹದಿನೈದು ನುಂಗಿದ ದಿನ ಇದ್ದರೆ ಅದನ್ನೂ ಹೇಳಿ. ಒಪಿಡಿಯ ವೈದ್ಯರಿಗೆ ಇದು ಹೊಸ ಕಥೆಯಲ್ಲ.

ಸೋಮವಾರದವರೆಗೆ ಹನ್ನೆರಡರ ಮೇಲೆ ಒಂದೂ ಬೇಡ, ನೀವಾಗಿ ಇಳಿಸುವುದೂ ಬೇಡ. ಸ್ಟ್ರಿಪ್‌ಗಳು ಹೆಂಡತಿಯ ಕೈಯಲ್ಲಿರಲಿ, ಹೊತ್ತಿಗೆ ಸರಿಯಾಗಿ ಅವರೇ ಕೊಡಲಿ. ಹೋಗುವಾಗ ಖಾಲಿ ಸ್ಟ್ರಿಪ್ ಒಂದು, ಆಪರೇಷನ್ ಕಾಗದ, ಎಂಆರ್‌ಐ, ಬೇರೆ ಯಾವುದಾದರೂ ಮಾತ್ರೆ ನುಂಗುತ್ತಿದ್ದರೆ ಅದರ ಚೀಟಿ ತೆಗೆದುಕೊಳ್ಳಿ. ನೀವು ಬಿದ್ದದ್ದನ್ನು ಕಣ್ಣಾರೆ ಕಂಡ ಅಡುಗೆಯವನನ್ನೂ ಸಾಧ್ಯವಾದರೆ ಕರೆದೊಯ್ಯಿರಿ. ಕೈಕಾಲು ಅದುರಿತೇ, ಎಷ್ಟು ಹೊತ್ತು, ಎಚ್ಚರವಾದ ಮೇಲೆ ಹೇಗಿದ್ದಿರಿ ಎಂದು ವೈದ್ಯರು ಕೇಳಿಯೇ ಕೇಳುತ್ತಾರೆ, ಅದಕ್ಕೆ ಉತ್ತರ ಗೊತ್ತಿರುವುದು ಅವನಿಗೆ ಮಾತ್ರ.