ಕ್ರಿಸ್‌ಮಸ್ ತಯಾರಿಯಲ್ಲಿ ಯಾವುದನ್ನು ಕೈಬಿಡಬಹುದು?

ಪ್ರಶ್ನೆ (ಕೋಲಾರದಿಂದ)
ಎಲ್ಲರಿಗೂ ವಂದನೆಗಳು. ನಮ್ಮದು ಮೆಥೋಡಿಸ್ಟ್ ಸಭೆಗೆ ಸೇರಿದ ಕೂಡುಕುಟುಂಬ. ಡಿಸೆಂಬರ್ ಬಂತೆಂದರೆ ಕಲ್‌ಕಲ್, ಅಚ್ಚುಮುರುಕು, ಕರ್ಜಿಕಾಯಿ, ಚಕ್ಕುಲಿ, ಕೇಕ್ ಎಲ್ಲವೂ ಮನೆಯಲ್ಲೇ ಆಗಬೇಕು. ಜೊತೆಗೆ ಸುಣ್ಣಬಣ್ಣ, ಹೊಸ ಬಟ್ಟೆ, ಮನೆಮನೆಗೆ ಬಂದು ಹಾಡುವ ಕ್ಯಾರಲ್ ತಂಡಕ್ಕೆ ಉಪಚಾರ, ಹಬ್ಬದ ದಿನ ಬಿರಿಯಾನಿ ಬೇರೆ. ಇಷ್ಟನ್ನೂ ಮುಗಿಸಿ ಬೆಳಗಿನ ಆರಾಧನೆಗೆ ಹೋಗಿ ಕುಳಿತರೆ ಪ್ರಸಂಗ ಕಿವಿಗೆ ಬೀಳುವುದಿಲ್ಲ, ತೂಕಡಿಕೆ ಎಳೆಯುತ್ತದೆ. ಈ ಸಲ ಕಡಿಮೆ ಮಾಡೋಣವೆಂದರೆ ಅತ್ತೆಯವರು, ‘ಅಕ್ಕಪಕ್ಕದವರಿಗೆ ತಟ್ಟೆ ಕಳಿಸದೆ ಅದೆಂಥ ಹಬ್ಬ?’ ಎನ್ನುತ್ತಾರೆ. ಸಂಕ್ರಾಂತಿಯ ಎಳ್ಳುಬೆಲ್ಲ, ರಂಜಾನಿನ ಶೀರ್ ಕುರ್ಮಾ ನಮ್ಮ ಮನೆಗೂ ಬರುವುದರಿಂದ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಹಿರಿಯರ ಮನಸ್ಸು ನೋಯದಂತೆ ಹೊರೆಯನ್ನು ಇಳಿಸುವುದು ಹೇಗೆ?

ಉತ್ತರ (ಕೆಜಿಎಫ್, ರಾಬರ್ಟ್‌ಸನ್‌ಪೇಟೆಯಿಂದ)
ನಿಮ್ಮ ಅತ್ತೆಯವರು ಕೇಳುತ್ತಿರುವುದು ತಟ್ಟೆಯನ್ನೇ ಹೊರತು ಅದರಲ್ಲಿ ಐದು ಬಗೆಯ ತಿಂಡಿಯನ್ನಲ್ಲ. ತಟ್ಟೆ ಉಳಿಯಲಿ, ತಿಂಡಿ ಎರಡಕ್ಕೆ ಇಳಿಯಲಿ. ಆರಿಸುವಾಗ ಒಬ್ಬರೇ ಒಲೆಯ ಮುಂದೆ ನಿಂತು ಮಾಡಬೇಕಾದ್ದನ್ನು ಬಿಟ್ಟು, ಹತ್ತು ಕೈ ಸೇರಿ ಮಾಡುವಂಥದ್ದನ್ನು ಇಟ್ಟುಕೊಳ್ಳಿ. ಅಚ್ಚುಮುರುಕಿಗೆ ಮೊದಲು ಹೂವಿನಾಕಾರದ ಅಚ್ಚನ್ನು ಎಣ್ಣೆಯಲ್ಲೇ ಕಾಯಿಸಬೇಕು, ಆಮೇಲೆ ಮೇಲಂಚು ಮುಳುಗದಂತೆ ಹಿಟ್ಟಿನಲ್ಲಿ ಅದ್ದಬೇಕು. ಮುಳುಗಿತೋ, ಹೂವು ಅಚ್ಚನ್ನು ಬಿಟ್ಟು ಬರುವುದಿಲ್ಲ. ಒಂದೊಂದಾಗಿ ಕರಿಯುವ ಆ ಕೆಲಸದಲ್ಲಿ ಇನ್ನೊಬ್ಬರಿಗೆ ಜಾಗವೇ ಇಲ್ಲ. ಕಲ್‌ಕಲ್ ಹಾಗಲ್ಲ. ಗೋಲಿಯಷ್ಟು ಹಿಟ್ಟನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ಸುರುಳಿ ಸುತ್ತುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಗಂಡಸರೂ ಕಲಿಯುತ್ತಾರೆ, ಕೂರಿಸುವುದಷ್ಟೇ ಕಷ್ಟ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಇಲ್ಲಿ ಬಹಳ ಮನೆಗಳು ಹಬ್ಬದ ಖರ್ಚನ್ನು ಇಳಿಸಲೇಬೇಕಾಯಿತು. ದುಡಿಯುವವರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಇಂಥ ಮನೆಗಳಲ್ಲಿ, ಭಾನುವಾರ ಮಧ್ಯಾಹ್ನ ಎಲ್ಲರೂ ಸುತ್ತ ಕುಳಿತು ಕಲ್‌ಕಲ್ ಸುತ್ತುವಾಗಲೇ ಹಬ್ಬದ ಅರ್ಧ ಸಂತೋಷ ಸಿಕ್ಕಿಬಿಡುತ್ತದೆ.

ಉತ್ತರ (ತುಮಕೂರಿನಿಂದ)
ಅಲಂಕಾರದ ಮಾತನ್ನು ಯಾರೂ ಎತ್ತಿಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೋದಲ್ಲಿ ಸಂತ ಫ್ರಾನ್ಸಿಸರು ಏರ್ಪಡಿಸಿದ, ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ಗೋದಲಿಯಲ್ಲಿದ್ದದ್ದು ಹುಲ್ಲು, ಎತ್ತು ಮತ್ತು ಕತ್ತೆ. ನಾವಾದರೋ ಪ್ರತಿವರ್ಷ ಹೊಸ ದೀಪದ ಸರ, ಹೊಸ ಬೊಂಬೆ ಕೊಳ್ಳುತ್ತೇವೆ. ಹಬ್ಬಕ್ಕೆ ಎರಡು ವಾರ ಮುಂಚೆ ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಮಣ್ಣು ಹರಡಿ, ನೆನೆಸಿದ ರಾಗಿಯನ್ನು ಚೆಲ್ಲಿ, ದಿನವೂ ನೀರು ಚಿಮುಕಿಸಿದರೆ ಗೋದಲಿಗೆ ಬೇಕಾದ ಹಸಿರು ಹುಲ್ಲು ಮನೆಯಲ್ಲೇ ಬೆಳೆಯುತ್ತದೆ. ನಮ್ಮ ಮನೆಯಲ್ಲಿ ಈ ಹೊಣೆ ಮಕ್ಕಳದು.

ಉತ್ತರ (ಚಿಕ್ಕಬಳ್ಳಾಪುರದಿಂದ)
ಇವೆಲ್ಲ ಸರಿಯೇ. ಆದರೆ ಪಟ್ಟಿಯನ್ನು ನೀವೇ ಕತ್ತರಿಸಿ ಅತ್ತೆಯವರ ಮುಂದಿಡಬೇಡಿ. ‘ಯಾವುದು ಇಲ್ಲದಿದ್ದರೆ ನಿಮಗೆ ಹಬ್ಬವೆನಿಸುವುದಿಲ್ಲ?’ ಎಂದು ಅವರನ್ನೇ ಕೇಳಿ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲ ಶುರುವಾಗುವ ಮೊದಲೇ ಕೇಳುವುದು ಒಳ್ಳೆಯದು, ಸಾಮಾನು ತಂದ ಮೇಲೆ ಕೇಳಿ ಪ್ರಯೋಜನವಿಲ್ಲ.

ಪ್ರಶ್ನೆ ಕೇಳಿದವರಿಂದ
ಕೇಳಿದೆ. ಕೇಕನ್ನು ಬೇಕರಿಯಿಂದ ತಂದರೂ, ಚಕ್ಕುಲಿ, ಕರ್ಜಿಕಾಯಿಗಳನ್ನು ಬಿಟ್ಟರೂ ಅಭ್ಯಂತರವಿಲ್ಲವಂತೆ. ಅಚ್ಚುಮುರುಕನ್ನು ಮಾತ್ರ ಬಿಡಲೊಲ್ಲರು. ಅದನ್ನು ತಾವೇ ಕರಿಯುತ್ತಾರಂತೆ, ನಾವ್ಯಾರೂ ಒಲೆಯ ಬಳಿ ಸುಳಿಯಬಾರದಂತೆ. ಕಲ್‌ಕಲ್ ಸುತ್ತಲು ಗಂಡಸರನ್ನು ಕೂರಿಸುವ ಉಪಾಯವನ್ನು ರಾಬರ್ಟ್‌ಸನ್‌ಪೇಟೆಯವರು ಇನ್ನಷ್ಟು ವಿವರವಾಗಿ ತಿಳಿಸಬೇಕಾಗಿ ವಿನಂತಿ.