ಹಿದುಕಿದಬೇಳೆಯೂ ಎಲ್‌ಕೆಜಿ ಪೆನ್ಸಿಲ್ಲೂ

(ಜಗಲಿಯ ಮೇಲೆ ನೆನೆದ ಅವರೆಕಾಳಿನ ಬೋಗುಣಿ. ಸುತ್ತ ಮೂವರು, ಹಿದುಕುತ್ತ.)

ಪುಟ್ಟಸ್ವಾಮಿ: ಮೂರು ವರ್ಷಕ್ಕೇ ಎ ಬಿ ಸಿ ಡಿ ಬರೆಸೋ ಸ್ಕೂಲಿಗೆ ಹಾಕ್ಬೇಕು ಕಣ್ರೀ. ಅಂಗನವಾಡೀಲಿ ಬರೀ ಹಾಡು, ಕುಣಿತ, ಊಟ.

ಸರೋಜಕ್ಕ: ಮೂರು ವರ್ಷದ ಕೂಸು ಪೆನ್ಸಿಲ್ ಹಿಡಿಯೋದು ಒನಕೆ ಹಿಡಿದ ಹಾಗೆ. ಇಡೀ ಮುಷ್ಟಿ, ಇಡೀ ತೋಳು. ಮೂರು ಬೆರಳಿನ ಹಿಡಿತ ಕೂರೋಕೆ ಐದಾರು ವರ್ಷ ಆಗುತ್ತೆ. ಮುಂಚೇನೇ ಒತ್ತಾಯ ಮಾಡಿ ಬರೆಸಿದ್ರೆ ಹೆಬ್ಬೆರಳು ಮಡಚಿಕೊಂಡು ಬರೆಯೋ ಚಾಳಿ ಬೀಳುತ್ತೆ. ಅದನ್ನ ಬಿಡಿಸೋದು ಕಲಿಸೋದಕ್ಕಿಂತ ಕಷ್ಟ.

ರಮೇಶ: ಮತ್ತೆ ಏನು ಮಾಡಿಸೋದಕ್ಕ?

ಸರೋಜಕ್ಕ: ನೀನೀಗ ಮಾಡ್ತಿರೋದನ್ನೇ. ಹೆಬ್ಬೆರಳು, ತೋರುಬೆರಳ ಮಧ್ಯೆ ಕಾಳಿಟ್ಟು ಪಿಚಕ್ ಅಂತ ಒತ್ತೋದು. ನಾಳೆ ಪೆನ್ಸಿಲ್ ಹಿಡಿಯೋದೂ ಅವೇ ಬೆರಳು. ಹಿಟ್ಟು ನಾದಿಸು, ಕಾಗದ ಹರಿಸು, ಮಣಿ ಪೋಣಿಸು. ಚಿಕ್ಕವರಿಗೆ ನೂಲು ಬೇಡ, ಶೂ ಲೇಸ್ ಕೊಡು. ತುದಿ ಗಟ್ಟಿ ಇರುತ್ತೆ. ಮಣೀನೂ ದಪ್ಪದ್ದೇ ಇರಲಿ. ಕಾಳು, ಮಣಿ ಮೂಗಿಗೆ ಹೋಗದ ಹಾಗೆ ದೊಡ್ಡವರೊಬ್ಬರು ಪಕ್ಕದಲ್ಲೇ ಇರ್ಬೇಕು. ಆಮೇಲೆ ಮರಳಲ್ಲಿ ಬೆರಳಾಡಿಸೋದು, ಆಮೇಲೆ ಕ್ರೇಯಾನ್, ಪೆನ್ಸಿಲ್ ಕೊನೇಗೆ. ಮುರಿದ ಕ್ರೇಯಾನ್ ಎಸೀಬೇಡಿ ಮತ್ತೆ. ಒಂದಿಂಚಿನ ತುಂಡು ಮುಷ್ಟಿಗೆ ಸಿಗಲ್ಲ, ಬೆರಳೇ ಬರ್ಬೇಕು.

ಪುಟ್ಟಸ್ವಾಮಿ: ಸರ್ಕಾರ ಏನನ್ನುತ್ತೆ?

ರಮೇಶ: ಪುಟ್ಟ ಮಕ್ಕಳ ಆರೈಕೆ, ಶಿಕ್ಷಣದ 2013ರ ರಾಷ್ಟ್ರೀಯ ನೀತೀಲೇ ಇದೆ. ಮೂರರಿಂದ ಆರು ವರ್ಷದ 20 ಮಕ್ಕಳಿಗೆ ನೋಡ್ಕೊಳ್ಳೋರು ಒಬ್ಬರು, ಮೂರರೊಳಗಿನವರಾದ್ರೆ 10ಕ್ಕೊಬ್ಬರು. ದಿನಕ್ಕೆ ಮೂರ್ನಾಲ್ಕು ಗಂಟೆ, ಮನೆಮಾತಲ್ಲೇ. 30 ಮಕ್ಕಳಿಗೆ 35 ಚದರ ಮೀಟರ್ ಕೋಣೆ, ಆಟಕ್ಕೆ ಹೊರಗೆ ಇನ್ನೊಂದು 30.

ಪುಟ್ಟಸ್ವಾಮಿ: 35 ಚದರ! ಮದುವೆ ಛತ್ರ ಏನಯ್ಯಾ?

ರಮೇಶ: ಚದರ ಮೀಟರ್ ಅಣ್ಣ. ನೂರು ಚದರಡಿಗೆ ಒಂದು ಚದರ ಅನ್ನೋ ನಮ್ಮ ಮೇಸ್ತ್ರಿ ಲೆಕ್ಕದಲ್ಲಿ ಮೂರೂಮುಕ್ಕಾಲು ಚದರ.

ಸರೋಜಕ್ಕ: ಅಂಗನವಾಡೀಲಿ ಅಷ್ಟಿದ್ದರೂ ಅಕ್ಕಿಮೂಟೆ, ಬೀರು, ಒಲೆ ಕೂತ ಮೇಲೆ ಮಕ್ಕಳಿಗೆ ಉಳಿಯೋದೆಷ್ಟು? ಹೊತ್ತೂ ಹಂಗೇ. ಒಂದೊಂದು ಮಗೂಗೂ ಸರ್ಕಾರ ಹೇಳಿದಷ್ಟು ಕ್ಯಾಲೊರಿ, ಪ್ರೋಟೀನ್ ಸೇರೋ ಹಾಗೆ ಬಡಿಸ್ಬೇಕು, ಪೋಷಣ್ ಟ್ರ್ಯಾಕರ್ ಅನ್ನೋ ಮೊಬೈಲ್ ಆ್ಯಪ್ ತುಂಬ್ಬೇಕು, ತೂಕ ಎತ್ತರ ಹಿಡೀಬೇಕು. ಎತ್ತರ ಅಂದ್ರೆ ಸುಮ್ನೆ ಅಲ್ಲ. ಎರಡು ವರ್ಷದೊಳಗಿನವರನ್ನ ಮಲಗಿಸೇ ಅಳೀಬೇಕು. ನಿಲ್ಲಿಸಿ ಅಳೆದ್ರೆ ಸುಮಾರು 0.7 ಸೆಂ.ಮೀ. ಕಮ್ಮಿ ಬರುತ್ತೆ, ಗಡಿಯಲ್ಲಿರೋ ಮಗು ಕುಳ್ಳರ ಪಟ್ಟಿಗೆ ಸೇರ್ಕೊಳ್ಳುತ್ತೆ.

ಪುಟ್ಟಸ್ವಾಮಿ: ಹಂಗಾದ್ರೆ ನನ್ನನ್ನೂ ಮಲಗಿಸಿ ಅಳೀರಿ.

ರಮೇಶ: ನಿಮ್ಮನ್ನ ಅಡ್ಡಡ್ಡ ಅಳೆದ್ರೇನೇ ಜಾಸ್ತಿ ಬರೋದು.

ಪುಟ್ಟಸ್ವಾಮಿ: ನಗು, ನಗು. ಬರೆಯೋಕೆ ಬರದೆ ಒಂದನೇ ಕ್ಲಾಸಿಗೆ ಹೋದ್ರೆ?

ರಮೇಶ: 2020ರ ರಾಷ್ಟ್ರೀಯ ಶಿಕ್ಷಣ ನೀತೀಲಿ ಮೂರರಿಂದ ಎಂಟು ವರ್ಷ ಒಂದೇ ಹಂತ. ಒಂದನೇ, ಎರಡನೇ ಕ್ಲಾಸೂ ಅದರೊಳಗೇ ಬರುತ್ತೆ. ಒಂದನೇ ಕ್ಲಾಸಿಗೆ ಆರು ತುಂಬಿರ್ಬೇಕು. ನಮ್ಮ ರಾಜ್ಯದಲ್ಲಿ ಜೂನ್ 1ರ ಲೆಕ್ಕ. 2025-26ಕ್ಕೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ರು.

ಪುಟ್ಟಸ್ವಾಮಿ: ಇನ್ಮೇಲೆ ಜೋಯಿಸರನ್ನ ಕೇಳೇ ಹೆರ್ಬೇಕು ಅನ್ನು.

ಸರೋಜಕ್ಕ: ಸರ್ಕಾರಿ ಶಾಲೆ ಒಂದನೇ ಕ್ಲಾಸಿನ ನಲಿ-ಕಲಿ ಪದ್ಧತೀಲೂ ಅ ಆ ಇ ಈ ಅಂತ ಶುರು ಮಾಡಲ್ಲ ಗೊತ್ತಾ? ರ ಗ ಸ ದ ಅ. ‘ರ’ ಬರೆಯೋದು ಎರಡೇ ಸುತ್ತಿಗೆ ಮುಗಿಯುತ್ತೆ. ಜೊತೆಗೆ ಆ ಐದರಲ್ಲೇ ಅರಸ, ಸರ, ಗರಗಸ ಅಂತ ಪದಾನೂ ಹುಟ್ಟುತ್ತೆ. ಅಂಗನವಾಡೀಲಿ ಆ ಶಬ್ದ ಕಿವಿಗೆ ಬಿದ್ದಿದ್ರೆ ಸಾಕು. ನೀವು ತಮಾಷೆ ಅಂದ್ಕೊಂಡಿರೋ ಹಾಡು ಇರೋದೇ ಅದಕ್ಕೆ.

ಪುಟ್ಟಸ್ವಾಮಿ: ಅಯ್ಯಯ್ಯೋ, ಬೇಳೆ ಕನ್ನಡಕಕ್ಕೆ ಹಾರ್ತು!

ಸರೋಜಕ್ಕ: ಮುಷ್ಟೀಲಿ ಹಿಚುಕಿದ್ರೆ ಇನ್ನೇನಾಗುತ್ತೆ? ಎರಡೇ ಬೆರಳು, ಎರಡೇ.

ರಮೇಶ: ಅಕ್ಕ, ಇವರಿಗೊಂದು ಕ್ರೇಯಾನ್ ತುಂಡು ಕೊಡಿ.