ಡಿ ಮೊಯ್ನ್‌ಗೆ ಒಬ್ಬಳೇ ಹೋಗಬೇಕು: ಅಬುಧಾಬಿಯಲ್ಲಿ ಇಳಿಯಲೋ, ಫ್ರಾಂಕ್‌ಫರ್ಟ್‌ನಲ್ಲೋ?

ಸೇಡಂ ರಸ್ತೆ ಅಕ್ಕೋರು (ಕಲಬುರಗಿ)

ಎಲ್ಲರಿಗೂ ಶರಣು. ಸರ್ಕಾರಿ ಶಾಲೆಯಲ್ಲಿ 33 ವರ್ಷ ಪಾಠ ಹೇಳಿ ನಿವೃತ್ತಳಾದವಳು ನಾನು. ಈಗ 62. ಇದುವರೆಗೆ ವಿಮಾನ ಹತ್ತಿದ್ದು ಒಂದೇ ಸಲ, ನಮ್ಮ ಸರಡಗಿ ನಿಲ್ದಾಣದಿಂದ ಬೆಂಗಳೂರಿಗೆ. ಕೊಟ್ಟ ನೀರಿನ ಬಾಟಲಿ ಮುಗಿಯುವುದರೊಳಗೆ ಅದು ಇಳಿದೇ ಬಿಟ್ಟಿತು.

ಮಗಳು ಅಮೆರಿಕದ ಅಯೋವಾ ರಾಜ್ಯದ ಡಿ ಮೊಯ್ನ್ ಊರಲ್ಲಿದ್ದಾಳೆ. (ಮೂರು ತಿಂಗಳು ನಾನು ಅದನ್ನು ಡೆಸ್ ಮೊಯಿನೆಸ್ ಎಂದೇ ಓದುತ್ತಿದ್ದೆ. ಮಕ್ಕಳ ಸ್ಪೆಲ್ಲಿಂಗ್ ತಿದ್ದಿದವಳ ಗತಿ ನೋಡಿ.) ನವೆಂಬರ್‌ನಲ್ಲಿ ಅವಳ ಹೆರಿಗೆ. ಅಕ್ಟೋಬರ್ ಕೊನೆಗೆ ನಾನು ಅಲ್ಲಿರಬೇಕು. ಯಜಮಾನರು ಬರುವ ಹಾಗಿಲ್ಲ. ನಮ್ಮ ಅತ್ತೆಗೆ 88, ಅವರನ್ನು ನೋಡಿಕೊಳ್ಳಲು ಒಬ್ಬರಾದರೂ ಇರಬೇಕು. ನನ್ನ ವೀಸಾ ಆಗಿದೆ.

ಅಳಿಯಂದಿರು ಎರಡು ಟಿಕೆಟ್ ಕಳಿಸಿದ್ದಾರೆ. ಎರಡೂ ಹೈದರಾಬಾದ್‌ನಿಂದ. ಎರಡರಲ್ಲೂ ಕೊನೆಗೆ ಶಿಕಾಗೋದಲ್ಲಿ ಇಳಿದು ಇನ್ನೊಂದು ಸಣ್ಣ ವಿಮಾನ ಹತ್ತಬೇಕು. ಒಂದು ಅಬುಧಾಬಿ ಮೇಲೆ: ಮೊದಲು ನಾಲ್ಕು ತಾಸು, ಅಲ್ಲಿ 3 ತಾಸು 50 ನಿಮಿಷ ಕಾಯುವುದು, ಆಮೇಲೆ ಒಂದೇ ಸಮನೆ ಹದಿನಾಲ್ಕು ಹದಿನೈದು ತಾಸು. ಇನ್ನೊಂದು ಫ್ರಾಂಕ್‌ಫರ್ಟ್ ಮೇಲೆ: ಒಂಬತ್ತೂವರೆ ತಾಸು, ನಡುವೆ ಎರಡು ತಾಸು, ಮತ್ತೆ ಒಂಬತ್ತೂವರೆ. ಫ್ರಾಂಕ್‌ಫರ್ಟ್‌ದು ಆರು ಸಾವಿರ ಕಡಿಮೆ.

ನನ್ನ ಬಲ ಮೊಣಕಾಲು ಸರಿಯಿಲ್ಲ. ಹದಿನೈದು ತಾಸು ಕೂತರೆ ಏಳುವಾಗ ಯಾರಾದರೂ ಎತ್ತಬೇಕೇನೋ. ಇಂಗ್ಲಿಷ್ ಓದುತ್ತೇನೆ, ಆದರೆ ಅವರು ಮಾತಾಡುವ ವೇಗಕ್ಕೆ ನನ್ನ ಕಿವಿ ಓಡುವುದಿಲ್ಲ. ಮಗಳನ್ನು ಕೇಳಿದರೆ, "ಯವ್ವಾ, ನಿನಗ ಯಾವುದು ಆರಾಮ ಅನಸ್ತದ ಅದನ್ನ ಹೇಳು" ಅನ್ನುತ್ತಾಳೆ. ಎರಡನ್ನೂ ನೋಡದವಳು ಯಾವುದು ಆರಾಮ ಅಂತ ಹೇಗೆ ಹೇಳಲಿ? ಹೋಗಿ ಬಂದವರು ಹೇಳಿ.

ಚಿತಾಪುರದ ಹುಡುಗ

ಅಕ್ಕೋರೆ, ನನ್ನ ವೋಟು ಫ್ರಾಂಕ್‌ಫರ್ಟ್‌ಗೆ. ಮೊಣಕಾಲಿಗೆ ಒಂಬತ್ತು ಮತ್ತು ಒಂಬತ್ತು ವಾಸಿ, ನಾಲ್ಕು ಮತ್ತು ಹದಿನೈದು ಅಲ್ಲ. ನಡುವೆ ಇಳಿದು ನಾಲ್ಕು ಹೆಜ್ಜೆ ಹಾಕಬಹುದು. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಅಲ್ಲಿ ವಿಮಾನ ಬದಲಿಸಲು ಬೇರೆ ಟ್ರಾನ್ಸಿಟ್ ವೀಸಾ ಬೇಕಿಲ್ಲ.

ಒಂದು ಎಚ್ಚರ ಮಾತ್ರ. ಯಾರಾದರೂ ಫ್ರಾಂಕ್‌ಫರ್ಟ್ ಆದಮೇಲೆ ಮ್ಯೂನಿಕ್, ಅಲ್ಲಿಂದ ಶಿಕಾಗೋ ಅಂತ ಟಿಕೆಟ್ ತೋರಿಸಿದರೆ ತಗೋಬೇಡಿ. ಯುರೋಪಿನ ಷೆಂಗೆನ್ ದೇಶಗಳೊಳಗೆ (ಒಂದೇ ವೀಸಾ ನಡೆಯುವ ದೇಶಗಳ ಗುಂಪು) ಎರಡು ಕಡೆ ಇಳಿದರೆ ಆ ದೇಶದೊಳಗೆ ಕಾಲಿಟ್ಟ ಲೆಕ್ಕ. ಅದಕ್ಕೆ ಷೆಂಗೆನ್ ವೀಸಾನೇ ಬೇಕು.

ನಡಿಗೆ ಅಲ್ಲಿ ಜಾಸ್ತಿ, ಅದು ನಿಜ. ಎ ಕಡೆಯಿಂದ ಬಿ ಕಡೆಗೆ ನೆಲದಡಿಯ ಸುರಂಗದಲ್ಲಿ ಹೋಗಬೇಕಾಗಿ ಬರಬಹುದು. ವೀಲ್‌ಚೇರ್ ಬರೆಸಿಬಿಡಿ.

ಬೀದರ್ ಅಜ್ಜ

ಅಕ್ಕೋರೆ, ಶರಣು. ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವನು. ಮಗ ಕನ್ಸಾಸ್ ಸಿಟಿಯಲ್ಲಿದ್ದಾನೆ. ನಾವಿಬ್ಬರೂ ಮೂರು ಸಲ ಹೋಗಿ ಬಂದಿದ್ದೇವೆ. ಒಮ್ಮೆ ಯುರೋಪಿನ ಮೇಲೆ, ಎರಡು ಸಲ ಅಬುಧಾಬಿ ಮೇಲೆ. ಚಿತಾಪುರದ ತಮ್ಮ ಹೇಳಿದ ತಾಸಿನ ಲೆಕ್ಕ ಸರಿಯಿದೆ. ಆದರೆ ನೀವು ಹೆದರಬೇಕಾದದ್ದು ನಡುವಿನ ನಿಲ್ದಾಣಕ್ಕಲ್ಲ, ಶಿಕಾಗೋಕ್ಕೆ. ನಿಮ್ಮ ಕೊನೆಯ ಊರು ಶಿಕಾಗೋ ಆಗಿದ್ದರೆ ನಾನು ಸುಮ್ನೆ ಇರುತ್ತಿದ್ದೆ. ನಿಮಗೆ ಅಲ್ಲಿಂದ ಇನ್ನೊಂದು ವಿಮಾನ ಇದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಮೆರಿಕದ ನಿಯಮ ಹೀಗಿದೆ. ಮೊದಲು ಯಾವ ಊರಲ್ಲಿ ಇಳಿಯುತ್ತೀರೋ ಅಲ್ಲೇ ಇಮಿಗ್ರೇಷನ್. ಹೈದರಾಬಾದ್‌ನಲ್ಲಿ ಬ್ಯಾಗಿಗೆ ಕೊನೆಯ ಊರಿನ ಚೀಟಿ ಅಂಟಿಸಿದ್ದರೂ, ಮೊದಲ ಊರಿನ ಬೆಲ್ಟಿನಿಂದ ನೀವೇ ಎತ್ತಿಕೊಂಡು ಕಸ್ಟಮ್ಸ್ ದಾಟಿ, ಮತ್ತೆ ಕೊಟ್ಟು, ಮತ್ತೆ ಸೆಕ್ಯುರಿಟಿ ದಾಟಿ ಮುಂದಿನ ಗೇಟಿಗೆ ಹೋಗಬೇಕು. ನಮ್ಮ ಮೊದಲ ಸಲ ಇದು ಗೊತ್ತೇ ಇರಲಿಲ್ಲ. ಊರಿನ ಹೆಸರು ಬೇಡ. ಸಾಲಿನಲ್ಲಿ ಎರಡು ತಾಸು ನಿಂತೆವು. ಒಳಗೆ ಹೋದರೆ ನಮ್ಮ ನಾಲ್ಕು ಬ್ಯಾಗನ್ನು ಬೆಲ್ಟಿನಿಂದ ಇಳಿಸಿ ಕಂಬದ ಹತ್ತಿರ ಒಟ್ಟಿದ್ದರು. ಒಂದೊಂದೂ 23 ಕಿಲೋ. ಮುಂದಿನ ವಿಮಾನ ಆಗಲೇ ಹಾರಿತ್ತು. ರಾತ್ರಿ ಇಡೀ ಕಬ್ಬಿಣದ ಕುರ್ಚಿ ಮೇಲೆ ಕೂತೆವು. ನಮ್ಮಾಕೆ ಬ್ಯಾಗ್ ಬಿಚ್ಚಿ ಕಟಕ್ ರೊಟ್ಟಿ ತೆಗೆದಳು. ಮುರಿದರೆ ಆ ಖಾಲಿ ಹಾಲ್ ತುಂಬ ಟಕ್ ಅಂತ ಸದ್ದು. ಎದುರಿಗೆ ಮಲಗಿದ್ದವನು ಎದ್ದು ಕೂತ.

ಅಬುಧಾಬಿಯಲ್ಲಿ ಈ ಕೆಲಸ ಅಲ್ಲೇ ಮುಗಿಯುತ್ತದೆ. ಅಮೆರಿಕದ ಅಧಿಕಾರಿಗಳೇ ಅಲ್ಲಿ ಕೂತಿದ್ದಾರೆ, 2014ರಿಂದ. ಅಮೆರಿಕ ಖಂಡದ ಹೊರಗೆ ಈ ಸೌಲಭ್ಯ ಇನ್ನಿರುವುದು ಐರ್ಲೆಂಡಿನ ಡಬ್ಲಿನ್ ಮತ್ತು ಶ್ಯಾನನ್‌ನಲ್ಲಿ ಮಾತ್ರ, ಫ್ರಾಂಕ್‌ಫರ್ಟ್‌ನಲ್ಲಿ ಇಲ್ಲ. ಬೆರಳಚ್ಚು, ಫೋಟೋ, ಪ್ರಶ್ನೆ, ಕಸ್ಟಮ್ಸ್ ಎಲ್ಲವನ್ನೂ ಮುಗಿಸಿಕೊಂಡೇ ವಿಮಾನ ಹತ್ತುತ್ತೀರಿ. ಶಿಕಾಗೋದಲ್ಲಿ ಇಳಿದಾಗ ನೀವು ಬೆಂಗಳೂರಿನಿಂದ ಹೈದರಾಬಾದ್‌ಗೆ ಬಂದವರ ಹಾಗೆ. ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿದ್ದು, ಬ್ಯಾಗಿಗೆ ಕೊನೆಯ ಊರಿನ ಚೀಟಿ ಬಿದ್ದಿದ್ದರೆ ಅದು ನೇರ ಡಿ ಮೊಯ್ನ್‌ನಲ್ಲಿ ಸಿಗುತ್ತದೆ. ಟರ್ಮಿನಲ್ ಬದಲಿಸಬೇಕಾಗಿ ಬಂದರೆ ಶಿಕಾಗೋದಲ್ಲಿ ಪುಕ್ಕಟೆ ರೈಲಿದೆ. ಆಗ ಸೆಕ್ಯುರಿಟಿ ಇನ್ನೊಮ್ಮೆ ಆಗುತ್ತದೆ, ಅಷ್ಟೇ.

ಆ 3 ತಾಸು 50 ನಿಮಿಷ ಸುಮ್ನೆ ಕೂರುವ ಹೊತ್ತಲ್ಲ. ಅದರಲ್ಲೇ ಇದೆಲ್ಲ ಆಗಬೇಕು. ನಿಮ್ಮ ಬ್ಯಾಗ್ ಹೈದರಾಬಾದ್ ವಿಮಾನದಿಂದ ಇಳಿದು ಅವರ ಲೆಕ್ಕಕ್ಕೆ ಬರುವ ತನಕ ನಿಮ್ಮನ್ನು ಬಿಡುವುದಿಲ್ಲ. ನಮಗೆ ಒಬ್ಬ ಅಧಿಕಾರಿ ಕಂಪ್ಯೂಟರ್ ಪರದೆ ನಮ್ಮ ಕಡೆ ತಿರುಗಿಸಿ ಬ್ಯಾಗಿನ ಫೋಟೋ ತೋರಿಸಿದ. "ಇದು ನಿಮ್ಮದಾ?" ಕಪ್ಪು ಬ್ಯಾಗ್. ಜಗತ್ತಿನ ಎಲ್ಲರ ಬ್ಯಾಗೂ ಕಪ್ಪು! ನಾನು ತಡವರಿಸುತ್ತಿದ್ದೆ. ನಮ್ಮಾಕೆ ಮುಂದೆ ಬಗ್ಗಿ ಬೆರಳಿಟ್ಟಳು. ಹಿಡಿಕೆಗೆ ಅವಳು ಹಳೇ ಖಣದ ಕುಬಸದ ತುಂಡು ಕಟ್ಟಿದ್ದಳು, ಕೆಂಪು, ಹಸಿರು ಅಂಚಿನದು. ನಾನು ಹೊರಡುವಾಗ ಅದನ್ನು ನೋಡಿ ನಕ್ಕಿದ್ದೆ. ನೀವೂ ಕಟ್ಟಿ.

ಭಾಷೆಯ ಚಿಂತೆ ಬೇಡ. ವೀಲ್‌ಚೇರ್ ತಳ್ಳುವವರು, ಅಂಗಡಿಯವರು, ಕಸ ಹೊಡೆಯುವವರು ತುಂಬ ಜನ ನಮ್ಮ ಕಡೆಯವರೇ, ಇಲ್ಲವೆ ನೇಪಾಳ, ಪಾಕಿಸ್ತಾನದವರು. ನಮ್ಮ ಬೀದರ್ ಕಲಬುರಗಿಯ "ಕೈಕು, ನಕ್ಕೋ" ಹಿಂದಿ ಅಲ್ಲಿ ಧಾರಾಳವಾಗಿ ನಡೆಯುತ್ತದೆ. ಅಮೆರಿಕದ ಅಧಿಕಾರಿ ಇಂಗ್ಲಿಷ್‌ನಲ್ಲೇ ಕೇಳುತ್ತಾನೆ: ಎಲ್ಲಿಗೆ, ಯಾರ ಮನೆಗೆ, ಎಷ್ಟು ದಿನ, ತಿನ್ನುವ ಸಾಮಾನು ಏನಿದೆ. ಇದ್ದದ್ದು ಇದ್ದ ಹಾಗೆ ಹೇಳಿ. ಮಗಳ ವಿಳಾಸ, ಫೋನ್ ನಂಬರು ಒಂದು ಕಾಗದದ ಮೇಲೆ ದೊಡ್ಡದಾಗಿ ಬರೆದಿಟ್ಟುಕೊಳ್ಳಿ. ಫೋನಿನಲ್ಲಿದೆ ಅಂತ ಬಿಡಬೇಡಿ. ಅಲ್ಲಿ ಫೋನ್ ತೆಗೆಯಲು ಬಿಡುವುದಿಲ್ಲ.

ಇನ್ನು ಬಾಣಂತಿ ಸಾಮಾನು. ಬಾಣಂತನಕ್ಕೆ ಹೊರಟವರ ಬ್ಯಾಗಿನಲ್ಲಿ ಏನಿರುತ್ತದೆ ಅಂತ ನನಗೆ ಗೊತ್ತಿಲ್ಲವೆ? ಅಂಟಿನುಂಡಿ, ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ, ಕೇಳಿದಾಗ ಹೇಳಿಬಿಡಿ. ಹೇಳಿದರೆ ಹೆಚ್ಚೆಂದರೆ ತೆಗೆದು ಎಸೆಯುತ್ತಾರೆ. ಮುಚ್ಚಿಟ್ಟು ಸಿಕ್ಕರೆ ದಂಡ. ಅಕ್ಕಿ, ಹಸಿ ಹಣ್ಣು, ಕರಿಬೇವು, ಕಾಳುಕಡಿ ಬಿಟ್ಟುಬಿಡಿ. ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್ ಇದ್ದರೇನು, ಅದಕ್ಕೆ ಈ ಸಲ ವೀಸಾ ಇಲ್ಲ ಅಂದುಕೊಳ್ಳಿ. ಮುಖ್ಯ ಮಾತು: ಹಿಂಡಿಯನ್ನು ಕೈಚೀಲದಲ್ಲಿ ಇಡಬೇಡಿ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ 350 ಮಿಲಿಗಿಂತ ಜಾಸ್ತಿ ಪುಡಿ ಕೈಯಲ್ಲಿದ್ದರೆ ತಡೆಯಬಹುದು. ಉಪ್ಪಿನಕಾಯಿಯೂ ನೀರಿನ ಲೆಕ್ಕವೇ. ಎಲ್ಲ ದೊಡ್ಡ ಬ್ಯಾಗಿಗೆ.

ಹದಿನೈದು ತಾಸಿಗೆ ನನ್ನ ಹತ್ತಿರ ಮದ್ದಿಲ್ಲ. ಉದ್ದ ಉದ್ದವೇ. ನಡುದಾರಿ ಪಕ್ಕದ ಸೀಟು ಈಗಲೇ ಹಿಡಿಯಿರಿ. ಎರಡು ತಾಸಿಗೊಮ್ಮೆ ಹಿಂದಿನ ಅಡುಗೆ ಜಾಗದ ತನಕ ನಡೆದು ಬನ್ನಿ. ಕಾಲಿಗೆ ಬಿಗಿ ಸಾಕ್ಸ್ ಹಾಕಬಹುದೇ ಅಂತ ನಿಮ್ಮ ಡಾಕ್ಟರನ್ನು ಕೇಳಿ.

ಚಿತಾಪುರದ ಹುಡುಗ

ಅಜ್ಜಾರೆ, ಅಬುಧಾಬಿಯ ಈ ಅನುಕೂಲ ಒಪ್ಪಿದೆ. ಆದರೂ ಒಂದು ಮಾತು. ವೀಲ್‌ಚೇರ್ ಇದ್ದವರಿಗೆ ಶಿಕಾಗೋದಲ್ಲೂ ಬೇರೆ ಸಾಲಿರುತ್ತದೆ, ತಳ್ಳುವವರೇ ಬ್ಯಾಗ್ ಎತ್ತಿಕೊಡುತ್ತಾರೆ. ನಮ್ಮ ಅತ್ತೆ ಹಾಗೇ ದಾಟಿದರು. ಹಾಗಾಗಿ ಮೊಣಕಾಲಿನ ಪ್ರಶ್ನೆಯಲ್ಲಿ ನಾನು ಇನ್ನೂ ಫ್ರಾಂಕ್‌ಫರ್ಟ್ ಕಡೆನೇ. ಆದರೆ ಅಲ್ಲಿ ಎರಡು ತಾಸು ಬಿಗಿ. ಮೂರು ತಾಸಿನದು ಸಿಗುತ್ತದಾ ನೋಡಿ.

ಸೇಡಂ ರಸ್ತೆ ಅಕ್ಕೋರು

ಅಜ್ಜಾರೆ, ತಮ್ಮಾ, ಇಬ್ಬರಿಗೂ ದೊಡ್ಡ ಶರಣು. ಬ್ಯಾಗ್ ನಡುವೆ ಎತ್ತಬೇಕು ಅನ್ನುವುದನ್ನು ಅಳಿಯಂದಿರೂ ಹೇಳಿರಲಿಲ್ಲ. ಅವರಿಗೆ ಅದು ರೂಢಿ, ಹೇಳಬೇಕು ಅಂತಲೇ ತೋಚಿರಲಿಕ್ಕಿಲ್ಲ.

ಇಬ್ಬರೂ ವೀಲ್‌ಚೇರ್ ಅನ್ನುತ್ತೀರಿ. ನನಗೆ ನಾಚಿಕೆ. ದಿನಾ ಸಂಜೆ ಶರಣಬಸವೇಶ್ವರ ಗುಡಿಗೆ ನಡೆದು ಹೋಗುವವಳು ನಾನು. ನಡೆಯಲು ಬರುವವಳು ಗಾಡಿಯಲ್ಲಿ ಕೂತರೆ ನಿಜವಾಗಿ ಬೇಕಾದವರಿಗೆ ಅನ್ಯಾಯ ಅಲ್ವಾ?

ಬೀದರ್ ಅಜ್ಜ

ನಾನೂ ಇದನ್ನೇ ಹೇಳಿ ಮೊದಲ ಸಲ ನಡೆದೆ. ಕಂಬದ ಹತ್ತಿರ ಬಂದು ನಿಂತ ಕಥೆ ಮೇಲೆ ಬರೆದಿದ್ದೇನೆ.

ಗುಡಿಗೆ ನಡೆಯುವುದು ಬೇರೆ. ರಾತ್ರಿ ನಿದ್ದೆಗೆಟ್ಟು, ಬೋರ್ಡ್ ಓದುತ್ತ, ಸಾಲಿನಲ್ಲಿ ನಿಲ್ಲುವುದು ಬೇರೆ. ನಿಮ್ಮ ಮೊಣಕಾಲು ಸುಳ್ಳಲ್ಲವಲ್ಲ. ಟಿಕೆಟ್ ಮಾಡುವಾಗಲೇ ಹೇಳಿ, ಕೊನೆಗೆ 48 ತಾಸು ಮುಂಚೆಯಾದರೂ ಹೇಳಿರಬೇಕು. ಅದಕ್ಕೆ ಬೇರೆ ದುಡ್ಡಿಲ್ಲ. ಬರೆಸುವಾಗ, ಮೆಟ್ಟಿಲು ಹತ್ತಬಲ್ಲೆ, ದೂರ ನಡೆಯಲಾರೆ ಅಂತ ಬಿಡಿಸಿ ಹೇಳಿ. ಅದಕ್ಕೆ ಬೇರೆ ಬೇರೆ ದರ್ಜೆ ಇವೆ. ಶಿಕಾಗೋಕ್ಕೂ ಬರೆಸಿ, ಅಬುಧಾಬಿಗೆ ಮಾತ್ರ ಅಲ್ಲ.

ಯಾದಗಿರಿ ಟಿಕೆಟ್ ಅಂಗಡಿ

ನಾನು ಯಾದಗಿರಿಯಲ್ಲಿ ಟಿಕೆಟ್ ಮಾಡಿಕೊಡುವವನು. ಅಜ್ಜಾರು "ಒಂದೇ ಟಿಕೆಟ್" ಅಂತ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋದರು. ನಾನು ಅದನ್ನೇ ಹಿಡಿದು ಕೂರುತ್ತೇನೆ.

ಸೈಟುಗಳಲ್ಲಿ ಎರಡು ಬೇರೆ ಟಿಕೆಟ್ ಹೊಲಿದು ಒಂದೇ ಪ್ರಯಾಣದ ಹಾಗೆ ತೋರಿಸುತ್ತಾರೆ. ಶಿಕಾಗೋ ತನಕ ಒಂದು ಕಂಪನಿ, ಆಮೇಲೆ ಡಿ ಮೊಯ್ನ್‌ಗೆ ಬೇರೆ ಕಂಪನಿ, ಬೇರೆ ಪಿಎನ್‌ಆರ್. ಹಾಗಿದ್ದರೆ ಅಬುಧಾಬಿಯ ಲಾಭ ಅರ್ಧ ಹೋಯಿತು, ಬ್ಯಾಗ್ ಶಿಕಾಗೋದಲ್ಲೇ ಎತ್ತಬೇಕಾಗುತ್ತದೆ. ಒಂದು ವಿಮಾನ ತಡವಾದರೆ ಮುಂದಿನ ಕಂಪನಿಗೆ ನೀವು ಬರದೇ ಇದ್ದ ಗಿರಾಕಿ ಅಷ್ಟೇ. ಒಂದೇ ಟಿಕೆಟ್ ಆದರೆ ಮುಂದಿನ ವಿಮಾನಕ್ಕೆ ಹಾಕುವುದು ಅವರ ಕೆಲಸ. 2025ರ ಜೂನ್ 23ರಂದು ಕತಾರ್ ತನ್ನ ಆಕಾಶವನ್ನೇ ಮುಚ್ಚಿತ್ತು. ಅಂಥ ದಿನ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಕೊಲ್ಲಿ ಕಡೆ ಹೊರಡುವವರು ಆ ವಾರದ ಸುದ್ದಿ ನೋಡಿಕೊಳ್ಳುವುದು ಒಳ್ಳೆಯದು.

ಟಿಕೆಟ್ಟಿನಲ್ಲಿ ಜಾಯೆದ್ ಇಂಟರ್‌ನ್ಯಾಷನಲ್ ಅಂತಿದ್ದರೆ ಗಾಬರಿ ಬೇಡ. ಅಬುಧಾಬಿ ನಿಲ್ದಾಣದ ಹೆಸರನ್ನೇ 2024ರಲ್ಲಿ ಹಾಗೆ ಬದಲಿಸಿದರು.

ಹೈದರಾಬಾದ್ ವಿಮಾನ ನಿಲ್ದಾಣ ಇರುವ ಶಂಶಾಬಾದ್‌ಗೆ ಕಲಬುರಗಿಯಿಂದ ಕಾರಿನಲ್ಲಿ ಐದು ತಾಸು ಹಿಡಿಯಿರಿ. ಸೇಡಂ, ಕೊಡಂಗಲ್ ದಾರಿ ಹತ್ತಿರ ಅನ್ನುತ್ತಾರೆ. ರಾತ್ರಿ ಹೊತ್ತು ನಾನಾದರೆ ಹುಮನಾಬಾದ್ ಮೇಲೆ ಹೋಗಿ ಹೆದ್ದಾರಿ ಹಿಡಿದು, ಪಟಾನ್‌ಚೆರು ಹತ್ತಿರ ಔಟರ್ ರಿಂಗ್ ರೋಡ್ ಹತ್ತುತ್ತೇನೆ. ಊರೊಳಗೆ ಹೋಗುವುದೇ ಬೇಡ. ಬೆಂಗಳೂರಿನಿಂದ ಹೊರಡುವವರಿಗೆ ಕಲಬುರಗಿಯ ವಂದೇ ಭಾರತ್ ಯಲಹಂಕದಲ್ಲಿ ನಿಲ್ಲುತ್ತದೆ, ವಿಮಾನ ನಿಲ್ದಾಣ ಅಲ್ಲಿಂದ ಹತ್ತಿರ. ಆದರೆ ಅಕ್ಕೋರಿಗೆ ಹೈದರಾಬಾದೇ ಸರಿ.

ಸೇಡಂ ರಸ್ತೆ ಅಕ್ಕೋರು

ನಿನ್ನೆ ರಾತ್ರಿ ಅಳಿಯಂದಿರ ಹತ್ತಿರ ಕೂತು ಕೇಳಿದೆ, ಫೋನಿನಲ್ಲೇ. ಅಬುಧಾಬಿ ಟಿಕೆಟ್ ನೋಡಿದರೆ ಯಾದಗಿರಿಯವರು ಹೇಳಿದ ಹಾಗೇ ಇತ್ತು: ಎರಡು ಪಿಎನ್‌ಆರ್! ಅದನ್ನು ಬಿಟ್ಟು, ಒಂದೇ ಟಿಕೆಟ್ಟಿನದು ಹುಡುಕಿ ಮಾಡಿಸಿದರು. ಒಂಬತ್ತು ಸಾವಿರ ಜಾಸ್ತಿ ಬಿತ್ತು. ಅಬುಧಾಬಿಯಲ್ಲಿ ನಾಲ್ಕೂಕಾಲು ತಾಸು ಸಿಕ್ಕಿದೆ. ನಡುದಾರಿ ಪಕ್ಕದ ಸೀಟು, ಮೂರೂ ಕಡೆ ವೀಲ್‌ಚೇರ್. ಚಿತಾಪುರದ ತಮ್ಮಾ, ಬೇಜಾರು ಮಾಡಿಕೊಳ್ಳಬೇಡ. ಬರುವಾಗ ನಿನ್ನ ಫ್ರಾಂಕ್‌ಫರ್ಟ್ ನೋಡಿಕೊಂಡೇ ಬರುತ್ತೇನೆ, ಬರುವಾಗ ಅಮೆರಿಕದವರ ತಪಾಸಣೆಯ ತಾಪತ್ರಯ ಇಲ್ಲವಲ್ಲ.

ಬ್ಯಾಗಿಗೆ ಕಟ್ಟಲು ಖಣದ ತುಂಡು ಹುಡುಕುತ್ತಿದ್ದೆ. ಅತ್ತೆ ಯಾಕೆ ಅಂತ ಕೇಳಿದರು, ಹೇಳಿದೆ. ಟ್ರಂಕಿನಿಂದ ತಮ್ಮ ಕುಬಸವೊಂದನ್ನು ತೆಗೆಸಿ, ತೋಳನ್ನು ಹಲ್ಲಿನಿಂದ ಕಚ್ಚಿ ಹರಿದುಕೊಟ್ಟರು. 88ಕ್ಕೂ ಹಲ್ಲು ಗಟ್ಟಿ ಇವೆ.

ವಿಮಾನ ಬೆಳಗಿನ ಜಾವ ನಾಲ್ಕಕ್ಕೆ. ಹುಮನಾಬಾದ್ ಮೇಲೆ ಹೋಗುವುದಾದರೆ ಮನೆಯಿಂದ ಸಂಜೆ ಏಳಕ್ಕೆ ಬಿಟ್ಟರೆ ಸಾಕೇ, ಇನ್ನೂ ಮೊದಲೇ ಬಿಡಬೇಕೆ?

ಬೀದರ್ ಅಜ್ಜ

ಐದಕ್ಕೆ ಬಿಡಿ. ಹುಮನಾಬಾದ್‌ನಲ್ಲಿ ಚಹಾ ಕುಡಿಯಲು ಹೊತ್ತು ಬೇಕು.